ನಮ್ಮ ಸಿನಿಮಾ ಮಾಮ

ಅವರ ಒಂದೇ ಕಾಲಿನ ಕರಿ ಬೂಟು ಸದಾ ಹೊಳೆಯುತ್ತಿತ್ತು. ಬಸ್ಸಿಳಿದ ಕೂಡಲೇ ಕಲ್ಲುಬೆಂಚಿನ ಮೇಲೆ ಕೂತು, ಊರುಗೋಲುಗಳನ್ನು ಪಕ್ಕಕ್ಕೆ ಒರಗಿಸಿ, ಕರ್ಚೀಫಿನಿಂದ ಬೂಟಿನ ದೂಳು ಒರೆಸಿಕೊಂಡೇ ಊರೊಳಗೆ ಬರುತ್ತಿದ್ದರು. ಸಿನಿಮಾ ಬಿಟ್ಟ ಮೇಲೂ ಹುಬ್ಬನ್ನು ತೀಡಿಸಿಕೊಳ್ಳುತ್ತಿದ್ದರು.

ನಾವೆಲ್ಲ ಅವರನ್ನು ಸಿನಿಮಾ ಮಾಮ ಅನ್ನುತ್ತಿದ್ದೆವು. ಅವರ ಊರು ಮಧುಗಿರಿ. ಮದರಾಸಿಗೆ ಹೋಗಿ ಸಣ್ಣಪುಟ್ಟ ಹಾಸ್ಯಪಾತ್ರ ಮಾಡುತ್ತಿದ್ದರು. ಹೆಸರು ಬಂದದ್ದು ಒಂದೇ ಪಾತ್ರದಿಂದ: ಊರವರೆಲ್ಲ ಆಡಿಕೊಂಡು ನಗುವ ಕುಂಟನ ಪಾತ್ರ. ಎಪ್ಪತ್ತರ ದಶಕದ ಆರಂಭದಲ್ಲಿ ಕೊರಟಗೆರೆಯ ಟೆಂಟಿನಲ್ಲಿ ಅದನ್ನು ನೋಡಿ ಬಂದ ಅಣ್ಣ, ಮನೆಯ ಹಜಾರದಲ್ಲಿ ಆ ನಡಿಗೆ ನಡೆದು ತೋರಿಸಿದ. ಎಲ್ಲರೂ ನಕ್ಕರು. ಪೋಲಿಯೋದಿಂದ ಕಾಲು ಸೊರಗಿದ್ದ ನಾನೂ ನಕ್ಕೆ. ಅವ್ವ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ನನ್ನನ್ನು ನೋಡಿದಳು. ಯಾಕೆಂದು ನನಗೆ ತಿಳಿಯಲಿಲ್ಲ.

ಕೆಲವು ವರ್ಷಗಳಲ್ಲೇ ಶೂಟಿಂಗಿನಲ್ಲಿ ಜೀಪು ಮಗುಚಿ ಅವರ ಎಡಗಾಲು ಹೋಯಿತು. ಊರಿಗೆ ಮರಳಿದವರು ಸುಮ್ಮನೆ ಕೂರಲಿಲ್ಲ. ಶಿರಾ, ಪಾವಗಡ, ಕೊರಟಗೆರೆ ಎಂದು ಪ್ರೈವೇಟ್ ಬಸ್ಸು ಹತ್ತಿಳಿದು, ಕಾಲಿಲ್ಲದ, ಕಣ್ಣು ಕಾಣದ ಮಕ್ಕಳನ್ನು ಒಳಗೇ ಕೂರಿಸಿಕೊಂಡ ಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಜನ ಸೇರುತ್ತಿದ್ದುದು ನಟನನ್ನು ನೋಡಲು. “ಆ ಕುಂಟನ ನಡಿಗೆ ಒಂದ್ಸಲ ತೋರ್ಸಿ ಸ್ವಾಮಿ” ಎಂದರೆ, “ಮೊದ್ಲು ಮಕ್ಕಳನ್ನ ಆಚೆಗೆ ಕರ್ಕೊಂಬನ್ನಿ, ಆಮೇಲೆ ನೋಡಾನ” ಅನ್ನುತ್ತಿದ್ದರು. ಮಕ್ಕಳು ಬಂದ ಮೇಲೆ ನಡಿಗೆಯ ಮಾತೇ ಎತ್ತುತ್ತಿರಲಿಲ್ಲ.

ನಮ್ಮ ಮನೆಗೂ ಹಾಗೇ ಬಂದರು. ಏಳನೇ ಕ್ಲಾಸು ಮುಗಿಸಿ ನಾನು ಮನೆಯಲ್ಲಿದ್ದೆ. ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು ಮಹಡಿ ಮೇಲಿತ್ತು. ಹೆಡ್‌ಮಾಸ್ಟರು ಸೇರಿಸಿಕೊಳ್ಳಲು ಆಗುವುದಿಲ್ಲ ಅಂದಿದ್ದರು. ಮಾಮ ಅಪ್ಪನನ್ನೂ ನನ್ನನ್ನೂ ಹೊರಡಿಸಿಕೊಂಡು ಸ್ಕೂಲಿಗೆ ಹೋದರು.

“ಈ ಹುಡುಗಿ ಆ ಮೆಟ್ಲು ಹೆಂಗೆ ಹತ್ತುತ್ತೆ, ನೀವೇ ಹೇಳಿ” ಅಂದರು ಹೆಡ್‌ಮಾಸ್ಟರು.

“ನಾನೇ ಹತ್ತಿ ನೋಡ್ತೀನಿ ಇರಿ ಸಾರ್” ಅಂದರು ಮಾಮ.

ಅರ್ಧ ಹತ್ತಿದವರು ಜಾರಿ ಕೆಳಗುರುಳಿದರು. ಊರುಗೋಲು ಒಂದು ಕಡೆ, ಅವರೊಂದು ಕಡೆ. ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳು ಸಿನಿಮಾ ಅಂದುಕೊಂಡು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತು. ಆ ವಾರವೇ ಎಂಟನೇ ಕ್ಲಾಸು ಕೆಳಗಿಳಿಯಿತು.

ಅವತ್ತು ಗೇಟಿನ ಹತ್ತಿರ ಕೇಳಿದೆ: “ಮಾಮ, ನಿಜವಾಗ್ಲೂ ಬಿದ್ರಾ?”

ಅವರು ಮೊಣಕೈಯ ರಕ್ತ ಒರೆಸಿಕೊಂಡರು. “ಬೀಳಾನ ಅಂತ್ಲೇ ಹತ್ತಿದ್ದು ಕಣಮ್ಮ. ಆದ್ರೆ ನಾನು ಬೀಳಬೇಕು ಅಂದ್ಕೊಂಡಿದ್ದ ಮೆಟ್ಲು ಇನ್ನೂ ಮೇಲಿತ್ತು. ಅದ್ಕೆ ಮುಂಚೇನೇ ಬಿದ್ಬುಟ್ಟೆ.”

ಅಪ್ಪ ತಲೆ ತಗ್ಗಿಸಿಕೊಂಡು ಅವರ ಬೆನ್ನಿನ ದೂಳು ಕೊಡವುತ್ತಿದ್ದ.

ಎಂಬತ್ತರ ದಶಕದ ನಡುವೆ ನಾನು ಟೀಚರಾಗಿ ಪಾವಗಡದಲ್ಲಿದ್ದಾಗ ನೋಡಲು ಬಂದಿದ್ದರು. ಆ ಪಾತ್ರ ಮಾಡಿದ್ದಕ್ಕೆ ಬೇಜಾರಾಗಿ ಈ ಓಡಾಟವೆಲ್ಲ ಹಚ್ಚಿಕೊಂಡಿರಾ ಎಂದು ಕೇಳಿಯೇಬಿಟ್ಟೆ. ಅವರು ಕರ್ಚೀಫು ತೆಗೆದು ಬೂಟು ಒರೆಸಿಕೊಂಡರು.

“ನಾನು ಹೂಂ ಅನ್ಲಿ ಅಂತ ಎಲ್ರೂ ಕಾಯ್ತಾರೆ. ನಾನು ಚೆನ್ನಾಗಿ ಮಾಡಿದ್ದು ಅದೊಂದೇ ಪಾತ್ರ. ಅದೂ ಬ್ಯಾಡ ಅಂದ್ರೆ ನಂದು ಅಂತ ಇನ್ನೇನು ಉಳೀತು? ನೀನು ಓದ್ದೋಳು, ನೀನೇ ಹೇಳು.”



ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಮಧುಗಿರಿಯ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು ಮಹಾನ್ ಕಲಾವಿದ ಅಂದರು, ಇನ್ನೊಬ್ಬರು ಅಂಗವಿಕಲರ ಪಾಲಿನ ದೇವರು ಅಂದರು. ನನ್ನ ಸರದಿ ಬಂದಾಗ ಅವೆರಡರಲ್ಲಿ ಯಾವುದನ್ನೂ ಹೇಳಲು ಬಾಯಿ ಬರಲಿಲ್ಲ. “ಅವರು ಬರದಿದ್ರೆ ನಾನು ಮನೇಲೇ ಕೂತಿರ್ತಿದ್ದೆ” ಎಂದಷ್ಟೇ ಹೇಳಿ ಕೂತೆ.

ಪಕ್ಕದ ಕುರ್ಚಿಯಲ್ಲಿದ್ದ ಕಣ್ಣು ಕಾಣದ ಹೆಂಗಸು ನನ್ನ ಕೈ ಹುಡುಕಿ ಹಿಡಿದುಕೊಂಡಳು. “ನಾನೂನೂ ಕಣಕ್ಕ” ಅಂದಳು.