ಹಂಸಧ್ವನಿಯ ನೀಲಿ ಟೈಲು

ಸಾರು ಕುದಿಯುವ ವಾಸನೆ ಬಂದರೆ ನಿಮಗೆ ಹಸಿವಾಗಬಹುದು. ನನಗೆ ಕುಂಬಾರರು ಮಡಕೆ ಸುಡುವ ಆವಿಗೆ ನೆನಪಾಗುತ್ತದೆ. ತಪ್ಪು ಸಾರಿನದಲ್ಲ, ಫ್ರೀಮಾಂಟಿನ ನಮ್ಮ ಮನೆಯ ಬಾಗಿಲ ಪಕ್ಕ ವಿರಾಜಮಾನವಾಗಿರುವ ನವಿಲುನೀಲಿ ಟೈಲಿನದು.

ಗೃಹಪ್ರವೇಶವಾದ ಹೊಸದರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮೊಂದರಲ್ಲಿ ಮಧ್ಯ ಏಷ್ಯಾದ ಯಾವುದೋ ಗೋರಿಯ ಗೋಡೆಯಿಂದ ಬಂದ ಹಳೆಯ ಟೈಲೊಂದನ್ನು ಕಂಡೆ. ಕೆತ್ತಿದ ಬಳ್ಳಿಗಳ ನಡುವೆ ಅರಬ್ಬೀ ಅಕ್ಷರಗಳು ಗ್ಲೇಜೆಂಬ ಗಾಜಿನಂಥ ನೀಲಿ ಲೇಪದಲ್ಲಿ ಮಿಂದು, ಶತಮಾನಗಳಿಂದ ಯಾರ ಅಪ್ಪಣೆಗೂ ಕಾಯದೆ ಹೊಳೆಯುತ್ತಿದ್ದವು. ಅದರಲ್ಲಿ ಒಂದಕ್ಷರವೂ ಓದಲು ಬಾರದ ನಾನು ಅಲ್ಲೇ ಭೀಷ್ಮಪ್ರತಿಜ್ಞೆ ಮಾಡಿದೆ: ನಮ್ಮ ಮನೆಯ ಹೆಸರಾದ 'ಹಂಸಧ್ವನಿ'ಯನ್ನು ಹೀಗೆಯೇ, ಕನ್ನಡದಲ್ಲಿ, ಕೈಯಾರೆ ಕೆತ್ತುತ್ತೇನೆ. ಪ್ರತಿಜ್ಞೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಬಿಟ್ಟು ಗೆಳೆಯರ ಮುಂದಿನ ಪಾಟ್‌ಲಕ್ ಊಟದಲ್ಲಿ ಡಂಗುರವನ್ನೂ ಹೊಡೆದೆ.

ಅದಕ್ಕೆಂದೇ ಸೇರಿಕೊಂಡ ಮಣ್ಣಿನ ಕ್ಲಾಸಿನ ಟೀಚರು ಫರೀದಾ, ಹೆರಾತಿನವರು. ಸಿನಿಮಾ ನೋಡಿ ಕಲಿತ ಅವರ ಹಿಂದಿ ನನ್ನ ಬಸವನಗುಡಿ ಹಿಂದಿಗಿಂತ ಸಾವಿರ ಪಾಲು ಮೇಲು. ಮೊದಲ ಟೈಲಿನಲ್ಲಿ ಅಕ್ಷರ ತೋಡಿದೆ, ಗ್ಲೇಜನ್ನು ತುಪ್ಪದಂತೆ ಧಾರಾಳವಾಗಿ ಸುರಿದೆ. ಆವಿಗೆಯಿಂದ ಬಂದದ್ದು ನುಣ್ಣನೆಯ ನೀಲಿ ಚೌಕ. ತೋಡಿದ ಗೆರೆಗಳೆಲ್ಲ ಗ್ಲೇಜು ತುಂಬಿ ಮಟ್ಟಸವಾಗಿ, ಹಂಸವೂ ಇಲ್ಲ ಧ್ವನಿಯೂ ಇಲ್ಲ. ಎರಡನೆಯದನ್ನು ಇನ್ನೂ ಆಳಕ್ಕೆ ತೋಡಿದೆ, ಸೀಳಿಹೋಯಿತು.

"ಭಾಯಿಸಾಬ್, ಮಣ್ಣಿನ ಮೇಲೆ ಯಾಕಿಷ್ಟು ದ್ವೇಷ?" ಎಂದರು ಫರೀದಾ.

ನನ್ನ ಹೆಂಡತಿ ಶಾರದಾ ಆ ನೀಲಿ ಚೌಕವನ್ನು ಊಟದ ಟೇಬಲ್ಲಿಗೆ ತಂದು ಅದರ ಮೇಲೆ ಸಾರಿನ ಪಾತ್ರೆ ಇಟ್ಟಳು. "ರೀ, ಬಿಸಿ ಪಾತ್ರೆ ಇಡೋಕೆ ಫಸ್ಟ್ ಕ್ಲಾಸಾಗಿದೆ. ಇನ್ನೊಂದೇ ಚಾನ್ಸು. ಬರ್ಲಿಲ್ಲ ಅಂದ್ರೆ ಸ್ಟೀಲ್ ಬೋರ್ಡು ಆರ್ಡರ್ ಮಾಡ್ತೀನಿ. ಇಂಗ್ಲಿಷಲ್ಲಿ!"

ಕೊನೆಯ ಪದ ಎದೆಗೇ ನಾಟಿತು. ಅನ್ನದಲ್ಲಿ ಗುಂಡಿ ಮಾಡಿಕೊಂಡು ಸಾರಿಗೆ ಕಾದೆ.

ಬಡಿಸುತ್ತ ಆಕೆ ನಕ್ಕಳು. "ಟೈಲಲ್ಲೂ ಇದನ್ನೇ ತಾನೆ ಮಾಡಿದ್ದು? ಗುಂಡಿ ತೋಡಿದ್ರೆ ಸಾರು ತುಂಬದೆ ಇನ್ನೇನಾಗತ್ತೆ?"

ತುತ್ತು ಕೈಯಲ್ಲೇ ನಿಂತಿತು. ಮ್ಯೂಸಿಯಮ್ಮಿನ ಟೈಲು ಕಣ್ಣಮುಂದೆ ಬಂತು. ಅದನ್ನು ಮಾಡಿದ ಮಹಾನುಭಾವರು ಅಕ್ಷರಗಳನ್ನು ತೋಡಿರಲೇ ಇಲ್ಲ. ಅಕ್ಷರ ಬಿಟ್ಟು ಸುತ್ತಲಿನದನ್ನೆಲ್ಲ ತೋಡಿದ್ದರು. ಅಕ್ಷರ ಅನ್ನದ ಗುಡ್ಡೆಯಂತೆ ಎದ್ದು ನಿಂತಿತ್ತು, ಗ್ಲೇಜು ಸಾರಿನಂತೆ ಅದರ ಕಾಲಬುಡದಲ್ಲಿ ಮಡುಗಟ್ಟಿತ್ತು.

ಹಾಗೆಯೇ ತೋಡಿದ ಮೂರನೆಯದಕ್ಕಾಗಿ ಆವಿಗೆ ತೆರೆಯುವಾಗ ಶಾರದಾ ಪಕ್ಕದಲ್ಲೇ ನಿಂತಿದ್ದಳು, ಫೋನಿನಲ್ಲಿ ಸ್ಟೀಲ್ ಬೋರ್ಡನ್ನು ಸಿದ್ಧವಾಗಿಟ್ಟುಕೊಂಡು. ಬಂತು ನೋಡಿ! ಕಡುನೀಲಿಯ ನಡುವೆ ತಲೆಯೆತ್ತಿದ ತಿಳಿನೀಲಿ 'ಹಂಸಧ್ವನಿ', ಒತ್ತಕ್ಷರದ ಪುಟ್ಟ ಸುಳಿಯೂ ಮುಳುಗದೆ! ಫರೀದಾ ಅದರ ಮೇಲೆ ಬೆರಳಾಡಿಸಿ, "ಓದೋಕೆ ಬರಲ್ಲ. ಆದರೆ ಇದು ಯಾವುದೋ ಹೆಸರು ಅಂತ ಕೈಗೆ ಗೊತ್ತಾಗುತ್ತೆ" ಎಂದರು. ಶಾರದಾ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ಇಷ್ಟು ಸದ್ದಿಲ್ಲದೆ ಕೋಟೆಯೊಂದು ಶರಣಾದದ್ದನ್ನು ಚರಿತ್ರೆ ಕಂಡಿರಲಾರದು.

ಈಗ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಬಿದ್ದಿದೆ. ಬಾಗಿಲಲ್ಲಿ ನೆಂಟರು ಟೈಲು ಸವರುತ್ತಿದ್ದಾರೆ. "ಕೈ ಇವರದು, ತಲೆ ನಂದು" ಎನ್ನುತ್ತಿದ್ದಾಳೆ ಶಾರದಾ. ನಾನು ತಕರಾರು ತೆಗೆಯುವುದಿಲ್ಲ. ತಟ್ಟೆಯ ಮುಂದೆ ಕುಳಿತು, ಅನ್ನದಲ್ಲಿ ಗುಂಡಿ ಮಾಡದೆ ಗುಡ್ಡೆ ಕಟ್ಟಿ, ಸಾರನ್ನು ಸುತ್ತಲೂ ಹರಿಯಬಿಡುತ್ತೇನೆ. ಶರ್ಟಿಗೆ ತಗುಲಿದರೆ ತಗುಲಲಿ. ಇದು ಗೆದ್ದವನ ಊಟ.