ಬೇಲಿಗೆ ತೂಗುಹಾಕಿದ ಸೋರೆಬುರುಡೆ

ಮೊನ್ನೆ ನೀವಿಬ್ಬರೂ ಶಾಲೆಯಿಂದ ಒಂದು ಒಣ ಸೋರೆಬುರುಡೆ ತಂದಿರಿ. ಅದಕ್ಕೆ ಗಿಳಿಯ ಬಣ್ಣ ಬಳಿಯಬೇಕಂತೆ. "ಹಿಡ್ಕೋ ಅಜ್ಜಿ" ಎಂದು ನನ್ನ ಮಡಿಲಿಗೆ ಹಾಕಿ ಕುಂಚ ತರಲು ಓಡಿದಿರಿ. ತೊಟ್ಟಿನ ತೂತಿನಿಂದ ಕಹಿಕಹಿಯಾದ ಧೂಳಿನ ವಾಸನೆ ಬಂತು. ನಾನು ಅದನ್ನು ನೆಲದ ಮೇಲಿಟ್ಟು ಒಳಗೆ ಹೋಗಿಬಿಟ್ಟೆ. ಯಾಕೆ ಎಂದು ನೀವು ಕೇಳಿದಿರಿ. ಸೀನು ಬರುತ್ತದೆ ಎಂದು ಸುಳ್ಳು ಹೇಳಿದೆ.

ನಾನು ತಾಳವಾಡಿಯ ಶಾಲೆಯಲ್ಲಿ ಎಂಟನೆಯವರೆಗೆ ಕನ್ನಡ ಓದಿದವಳು. ನಮ್ಮ ಕಡೆ ನೀರೆಂದರೆ ಕೊಡದಲ್ಲಿರುವುದು, ಅಷ್ಟೆ. ಮದುವೆಯಾಗಿ ತಮಿಳು ಮಾತಿನ ಸೀಮೆಯ ತೊಂಡಾಮುತ್ತೂರಿನ ತೋಟಕ್ಕೆ ಬಂದಾಗ ಮನೆಯ ಹಿಂದೆಯೇ ಆ ಬಾವಿ ಇತ್ತು. ಮನೆಯಷ್ಟು ಅಗಲ, ಕಟ್ಟೆ ಇಲ್ಲ. ಗೋಡೆಯಿಂದ ಹೊರಗೆ ಚಾಚಿದ ಕಲ್ಲುಗಳೇ ಮೆಟ್ಟಿಲು. ಮೋಟರು ಗಾಳಿ ಹಿಡಿದು ನೀರೆತ್ತದಾದಾಗಲೆಲ್ಲ ಯಾರಾದರೂ ಇಳಿದು ಅದಕ್ಕೆ ನೀರು ತುಂಬಬೇಕಿತ್ತು. ನಾನು ಮೂರನೆಯ ಕಲ್ಲಿನ ಮೇಲೆಯೇ ಕೂತುಬಿಡುತ್ತಿದ್ದೆ. "ನೀರು ಕಂಡರೆ ಬೆಕ್ಕು, ಅನ್ನ ಕಂಡರೆ ಸೊಸೆ" ಎಂದು ನಮ್ಮತ್ತೆ ಬಂದವರೆದುರು ಆಡಿಕೊಳ್ಳುತ್ತಿದ್ದರು.

ಪಕ್ಕದ ತೋಟದಲ್ಲಿ ಒಬ್ಬರು ದೊಡ್ಡಮ್ಮ ಇದ್ದರು. ಗಂಡ ಇಲ್ಲ, ಮಕ್ಕಳೂ ಇಲ್ಲ. ಸುತ್ತಲಿನ ತೋಟಗಳ ಹೆಣ್ಣುಮಕ್ಕಳಿಗೆಲ್ಲ ತಮ್ಮ ಬಾವಿಯಲ್ಲಿ ಈಜು ಕಲಿಸುತ್ತಿದ್ದರು. ಬೆನ್ನಿಗೆ ಸೋರೆಬುರುಡೆ ಕಟ್ಟಿ, ತಾವು ಕಲ್ಲಿನ ಮೇಲೆ ಕೂತು ಬೈಯುವುದೇ ಅವರ ಪಾಠ. ಒಂದು ದಿನ ಬೇಲಿಯ ಹತ್ತಿರ ನನ್ನನ್ನು ಕರೆದರು. ಮುದ್ದಿನಿಂದ ಎಲ್ಲರನ್ನೂ 'ಕಣ್ಣು' ಎನ್ನುವುದು ಅವರ ವಾಡಿಕೆ.

"ಬಾವಿ ಇರೋ ಮನೆಗೆ ಬಂದಿದ್ದೀಯ ಕಣ್ಣು. ನಾನು ಕಲಿಸದಿದ್ರೆ ಒಂದು ದಿನ ಬಾವಿಯೇ ಕಲಿಸುತ್ತೆ. ಅದು ಒಳ್ಳೆ ಮೇಷ್ಟ್ರಲ್ಲ."

ಸೊಸೆಯಾದವಳು ಸೀರೆ ಕಚ್ಚೆ ಹಾಕಿ ನೀರಿಗಿಳಿಯುವುದನ್ನು ಅತ್ತೆ ಒಪ್ಪುತ್ತಿರಲಿಲ್ಲ. ಹಾಗಾಗಿ ಅವರು ಸಂತೆಗೆ ಹೋಗುವ ದಿನ ಮಾತ್ರ ನಾನು ಬೇಲಿ ದಾಟುತ್ತಿದ್ದೆ. ಮೊದಲ ವಾರ ಕಲ್ಲನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಎರಡನೆಯ ವಾರ ಕೈ ಬಿಟ್ಟೆ. ಬುರುಡೆ ನನ್ನನ್ನು ಮೇಲೆಯೇ ಹಿಡಿದುಕೊಂಡಿತ್ತು. "ಕಾಲು ಹೊಡಿ, ಹಿಟ್ಟು ನಾದ್ತಾ ಇದ್ದೀಯಾ ಏನು?" ಎಂದು ದೊಡ್ಡಮ್ಮ ಮೇಲಿನಿಂದ ಕೂಗುತ್ತಿದ್ದರು. ನನಗೆ ಅಳುವಿನ ನಡುವೆಯೇ ನಗು ಬರುತ್ತಿತ್ತು...

ಐದೋ ಆರೋ ವಾರದ ಮೇಲೆ ಬಾವಿಯ ಈ ಬದಿಯಿಂದ ಆ ಬದಿಗೆ ಹೋಗಿ ಮುಟ್ಟಿದೆ. ದೊಡ್ಡಮ್ಮ ಬಂದು ನನ್ನ ಬೆನ್ನಿನ ಬುರುಡೆ ಬಿಚ್ಚಿ ಕಲ್ಲಿನ ಮೇಲೆ ಓರೆ ಮಾಡಿದರು. ಗುಳುಗುಳು ಎಂದು ನೀರು ಸುರಿಯಿತು. ನೋಡಿದರೆ ಅದಕ್ಕೊಂದು ಸಣ್ಣ ತೂತು. ಅಲ್ಲಿ ಮೆತ್ತಿದ್ದ ಮೇಣವನ್ನು ಅವರೇ ತೆಗೆದಿದ್ದರು.

"ಇವತ್ತು ಬುರುಡೆ ಈಜಲಿಲ್ಲ ಕಣ್ಣು. ನೀನೇ ಈಜಿದ್ದು" ಎಂದು ನಕ್ಕರು.

ಅಷ್ಟರಲ್ಲಿ ಮೇಲಿನಿಂದ ಅತ್ತೆಯ ದನಿ ಕೇಳಿಸಿತು. ಬಸ್ಸು ಸಿಗದೆ ಸಂತೆಯಿಂದ ಬೇಗ ಬಂದಿದ್ದರು. ಒದ್ದೆ ಸೀರೆಯಲ್ಲಿ ಮೇಲೆ ಹತ್ತಿ ಬಂದೆ. "ಯಾರನ್ನ ಕೇಳಿ ಇಳಿದೆ?" ಎಂದರು. ನೀರಿಗಿಂತ ಹೆಚ್ಚು ನಾನು ಹೆದರಿದ್ದು ಅವರಿಗೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಅವರೇ ಕರೆದ್ರು. ಬುರುಡೆಗೆ ತೂತು ಮಾಡಿ ನನ್ನ ಮುಳುಗಿಸೋಕೆ ನೋಡಿದ್ರು."

ದೊಡ್ಡಮ್ಮ ಕೊನೆಯ ಕಲ್ಲಿನ ಮೇಲೆ ನಿಂತಿದ್ದರು, ಕೈಯಲ್ಲಿ ಬುರುಡೆ.

ಅತ್ತೆ ಆ ಮಾತನ್ನು ತೋಟದಿಂದ ತೋಟಕ್ಕೆ ದಾಟಿಸಿದರು. ಮಕ್ಕಳಿಲ್ಲದವಳಿಗೆ ಬೇರೆಯವರ ಮಕ್ಕಳ ಮೇಲೆ ಹೊಟ್ಟೆಕಿಚ್ಚು ಎಂದರು ಕೆಲವರು. ಮುಂದಿನ ಬೇಸಿಗೆಗೆ ಆ ಬಾವಿಯಲ್ಲಿ ಒಂದು ಹೆಣ್ಣುಮಗುವಿನ ದನಿಯೂ ಇರಲಿಲ್ಲ. ನಿಮ್ಮ ತಾತ ಒಮ್ಮೆ ಮೆಲ್ಲಗೆ ಕೇಳಿದರು, "ನಿಜವಾ?" ಎಂದು. ನಾನು ಹೌದೆಂದು ತಲೆಯಾಡಿಸಿದೆ. ಅವರು ಕೊನೆಯವರೆಗೂ ಅದನ್ನೇ ನಂಬಿಕೊಂಡು ಹೋದರು.

ಒಂದು ಬೆಳಿಗ್ಗೆ ನಮ್ಮ ಬೇಲಿಯಲ್ಲಿ ದೊಡ್ಡಮ್ಮನ ಅದೇ ಬುರುಡೆ ತೂಗುತ್ತಿತ್ತು. ತೂತಿಗೆ ಹೊಸ ಮೇಣ ಮೆತ್ತಿತ್ತು. ಬಯ್ಯಲು ಇಟ್ಟದ್ದಲ್ಲ ಅದು. ಇನ್ನೂ ಬೇಕಿದ್ದರೆ ಬಾ ಎಂದು ಇಟ್ಟದ್ದು. ನನಗೆ ಆಗಲೇ ಅರ್ಥವಾಯಿತು, ಮಕ್ಕಳೇ. ಅರ್ಥವಾಗಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ತೆಗೆದುಕೊಂಡರೆ ನನ್ನ ಮಾತು ಸುಳ್ಳೆಂದು ಎಲ್ಲರಿಗೂ ತಿಳಿಯುತ್ತಿತ್ತು. ಪ್ರತಿದಿನ ಅದರ ಪಕ್ಕದಲ್ಲೇ ಹಾದು ಹುಲ್ಲು ಕೊಯ್ದು ತಂದೆ. ಮಳೆಗಾಲದಲ್ಲಿ ಅದು ಕೊಳೆತು, ಬರೀ ಹಗ್ಗ ಉಳಿಯಿತು...

ದೊಡ್ಡಮ್ಮ ತೀರಿಕೊಂಡಾಗ ಸ್ನಾನ ಮಾಡಿಸಲು ಹೆಂಗಸರೆಲ್ಲ ಅದೇ ಬಾವಿಯಿಂದ ಒಂದೊಂದು ಕೊಡ ನೀರು ತಂದರು. ನಾನೂ ಕೊಡ ಹಿಡಿದು ಹೋದೆ. ಮೂರನೆಯ ಕಲ್ಲಿನ ಮೇಲೆ ಕಾಲು ನಿಂತುಬಿಟ್ಟಿತು. ಬೇರೆ ಯಾರೋ ನನ್ನ ಕೊಡ ಇಸಿದುಕೊಂಡು ತುಂಬಿ ತಂದರು.

ಈಗ ಆ ತೋಟ ಸೈಟುಗಳಾಗಿದೆ. ಬಾವಿಗೆ ಮಣ್ಣು ಸುರಿದು ಮುಚ್ಚಿದ್ದಾರೆ. ಕ್ಷಮಿಸಿ ಎಂದು ಹೇಳಲು ಅವರೂ ಇಲ್ಲ, ನಿಂತು ಹೇಳಲು ಆ ಕಲ್ಲೂ ಇಲ್ಲ.

ಹೋದ ತಿಂಗಳು ನಿಮ್ಮಲ್ಲಿ ದೊಡ್ಡವಳು ಈಜಿನ ಕ್ಲಾಸಿಗೆ ಹೋಗುವುದಿಲ್ಲ ಎಂದು ಅತ್ತಳು. ಆಗ ನಾನೇ ನಿಮ್ಮಮ್ಮನಿಗೆ ಬೈದು ನಿಲ್ಲಿಸಿದೆ, ಮಗು ಹೆದರುತ್ತಾಳೆ, ಬಿಡು ಎಂದು. ಅದು ನಿನ್ನ ಮೇಲಿನ ಮುದ್ದಿನಿಂದ ಮಾತ್ರ ಅಲ್ಲ ಕಣ್ಣು. ಈ ತುಡಿಯಲೂರಿನ ಫ್ಲ್ಯಾಟಿನ ಕೆಳಗಿನ ಈಜುಕೊಳವನ್ನು ನಾನೂ ಕಿಟಕಿಯಿಂದಷ್ಟೇ ನೋಡುವವಳು. ನನ್ನ ಹೆದರಿಕೆಗೆ ಜೊತೆ ಬೇಕಾಗಿತ್ತು.

ನಿಮಗೆ ಕನ್ನಡ ಅಕ್ಷರ ಬಾರದು. ಆ ಧೈರ್ಯದಲ್ಲೇ ಇಷ್ಟು ಬರೆದೆ. ಆದರೆ ಬರೆದು ಮುಚ್ಚಿಡುವುದೂ ಅದೇ ಹಳೆಯ ಬುದ್ಧಿ. ಭಾನುವಾರ ಕೊಳದ ಮೊದಲ ಮೆಟ್ಟಿಲ ಮೇಲೆ, ಕಾಲನ್ನು ನೀರಿಗಿಟ್ಟುಕೊಂಡು, ಇದನ್ನು ನಾನೇ ನಿಮಗೆ ಓದಿ ಹೇಳುತ್ತೇನೆ. ಅಲ್ಲಿಂದ ಮುಂದೆ ಇಳಿಯಲಾಗುತ್ತದೋ ಇಲ್ಲವೋ ಗೊತ್ತಿಲ್ಲ. ನನಗೆ ಈಜು ಬರುತ್ತದೆಯೇ ಎಂದು, ದೊಡ್ಡವಳೇ, ನೀನು ಎಷ್ಟೋ ಸಲ ಕೇಳಿದ್ದೀಯ, ಇಲ್ಲ ಎಂದೇ ಹೇಳುತ್ತ ಬಂದೆ.

ಒಂದು ದಿನ ಈಜು ಬಂದಿತ್ತು ಕಣ್ಣು. ಒಂದು ಬಾವಿಯಷ್ಟು ಅಗಲ.