ಮುನಿಯಲ್ಲಮ್ಮ ಕಾವಲಿದ್ದ ಹತ್ತು ಚೌಕ

ಮುನಿಯಲ್ಲಮ್ಮನಿಗೆ ಈಗ ಮಂಡಿ ಮಡಚಲು ಬರುವುದಿಲ್ಲ. ಸೊಪ್ಪು ಕೀಳುವವಳಿಗೆ ಮಂಡಿ ಹೋದರೆ ಅರ್ಧ ಬದುಕು ಹೋದಂತೆ. ಆದರೂ ಮಳೆ ಬಿದ್ದ ಎಂಟನೇ ದಿನ, ಸೊಪ್ಪು ಚಿಗುರುವ ಹೊತ್ತಿಗೆ, ಕೆರೆ ಏರಿಯ ಮೇಲೆ ಬಂದು ಕೂರುತ್ತಾಳೆ. ಹಾಗೆ ಕೂತಾಗ ಹತ್ತು ವರ್ಷದ ಹಿಂದಿನ ಮಾತು, ತೊಂಬತ್ತೇಳನೇ ಇಸವಿಯದು, ನಿನ್ನೆ ನಡೆದಂತೆ ನೆನಪಾಗುತ್ತದೆ.

ಅವಳ ಊರು ದೇವರಾಯಸಮುದ್ರಕ್ಕೆ ಎರಡು ಮೈಲಿ ಆಚೆ. ಬೆಳಗ್ಗೆ ಆರಕ್ಕೆ ಕೆರೆಯಂಗಳಕ್ಕೆ ಇಳಿದರೆ ಒಂಬತ್ತರ ಬಸ್ಸಿಗೆ ಮಂಕರಿ ತುಂಬ ಬೆರಕೆ ಸೊಪ್ಪು ಮುಳಬಾಗಿಲು ಸೇರುತ್ತಿತ್ತು. ಅಣ್ಣೆ, ಗೋಣಿ, ಹೊನಗೊನೆ, ಗಣಿಕೆ, ಕನ್ನೆ. ಹದಿನೈದು ಬಗೆಯಾದರೂ ಬೆರೆಯದಿದ್ದರೆ ಮಸ್ಸೊಪ್ಪಿನ ಸಾರು ರುಚಿಯಾಗದು ಎಂದು ಅತ್ತೆ ಹೇಳಿಕೊಟ್ಟಿದ್ದಳು.

ಆ ಮಳೆಗಾಲದಲ್ಲಿ ವಕ್ಕಲೇರಿ ಕಡೆಯ ಭೀಮರಾಜ್ ಬಂದ. ಸಸ್ಯಶಾಸ್ತ್ರ ಓದಿದವನು. ಕೆರೆಯಂಗಳದಲ್ಲಿ ಎಷ್ಟು ಬಗೆ ಗಿಡಗಳಿವೆ, ಯಾವುದು ಜನರಿಗೆ ಉಪಯೋಗ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತವೋ ಕಡಿಮೆಯಾಗುತ್ತವೋ ಎಂದು ನೋಡುವುದು ಅವನ ಕೆಲಸ. ಒಂದೊಂದು ಮೀಟರಿನ ಹತ್ತು ಚೌಕ ಅಳೆದು, ಮೂಲೆಗೆ ಗೂಟ ಹೊಡೆದು, ಬಿಳಿ ದಾರ ಕಟ್ಟಿದ.

"ಅಮ್ಮಾ, ನೀವು ದಿನಾ ಇಲ್ಲೇ ಇರ್ತೀರಲ್ಲ. ಇವನ್ನ ಸ್ವಲ್ಪ ನೋಡ್ಕೊಳ್ಳಿ. ಯಾರೂ ಕೆಡಿಸ್ಬಾರ್ದು ಅಷ್ಟೇ."

"ಒಳಗೆ ಏನ್ ಬಿತ್ತಿದೀಯ ನಾಯ್ನಾ?"

"ಏನೂ ಇಲ್ಲಮ್ಮ. ತಾನಾಗಿ ಬಂದಿದ್ದನ್ನೇ ಎಣಿಸ್ತೀನಿ."

"ಬಿತ್ತದೇ ಬೆಳೆ ಎಣಿಸೋಕೆ ಬಂದವ್ನೆ, ನೋಡ್ರೇ!" ಎಂದು ಅವಳು ಉಳಿದ ಹೆಂಗಸರಿಗೆ ಹೇಳಿ ನಕ್ಕಳು.

ನಕ್ಕರೂ, ಅವಳನ್ನು ನಂಬಿ ಇದನ್ನು ಕಾಯು ಎಂದು ಯಾರೂ ಅದುವರೆಗೆ ಹೇಳಿರಲಿಲ್ಲ. ಮಾರನೆಯ ದಿನವೇ ಜಾಲಿಮುಳ್ಳು ಕಡಿದು ತಂದು ಹತ್ತೂ ಚೌಕಕ್ಕೆ ಬೇಲಿ ಹಾಕಿದಳು. ಮೇಕೆಯ ಮೂತಿ ತಗುಲಲಿಲ್ಲ. ತನ್ನ ಕೈಯನ್ನೂ ತಗುಲಿಸಲಿಲ್ಲ. ಜೊತೆಗಾತಿ ಅಂಜಮ್ಮ ಮುಳ್ಳಿನ ಸಂದಿಯಲ್ಲಿ ಒಂದು ಗಣಿಕೆ ಕುಡಿ ಚಿವುಟಿದ್ದಕ್ಕೆ ಊರಿಗೆ ಕೇಳುವಂತೆ ಬೈದಳು.

"ಕೆರೆ ನಿಮ್ಮಪ್ಪಂದೇನೇ?"

"ಚೌಕ ಸಾರ್ದು ಕಣೇ. ಕೈ ತೆಗಿ!"

ಭೀಮರಾಜ್ ಬೇಲಿ ನೋಡಿ, ಒಳ್ಳೆಯದೇ ಆಯಿತೆಂದು ಸುಮ್ಮನಾದ.

ಮೊದಲ ಎಣಿಕೆಯಲ್ಲಿ ಮೂವತ್ತೊಂದು ಬಗೆ. ಮರುವರ್ಷ ಅದೇ ತಿಂಗಳಲ್ಲಿ ಹನ್ನೆರಡು. ಚೌಕಗಳಲ್ಲಿ ಮಂಡಿಯೆತ್ತರ ಒಂದೇ ಜಾತಿ ಹುಲ್ಲು. ಅವನು ಪುಸ್ತಕ ಮುಚ್ಚಿ, ಪಂಚಾಯಿತಿ ಅಧ್ಯಕ್ಷ ಕೋದಂಡರಾಮಪ್ಪ ಈ ಪಟ್ಟಿಗಾಗಿಯೇ ಕಾಯುತ್ತಿರುವುದನ್ನು ಹೇಳಿದ. ಕೆರೆಯಂಗಳ ಬರಡಾಗುತ್ತಿದೆ ಎಂದು ತೋರಿಸಿದರೆ ಪೂರ್ತಿ ನೀಲಗಿರಿ ನೆಡಬಹುದು. ನೀಲಗಿರಿ ಕೆಳಗೆ ಅಣ್ಣೆ ಸೊಪ್ಪು ಹುಟ್ಟುವುದಿಲ್ಲ ಎಂದು ಮುನಿಯಲ್ಲಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ.

"ಕಿತ್ತು ಕಿತ್ತು ತೆಗೆದ್ರೇನೇ ಸೊಪ್ಪು ಬರೋದು ನಾಯ್ನಾ. ಬಿಟ್ರೆ ಹುಲ್ಲು ಮೇಲಾಗ್ತದೆ," ಎಂದಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಓದಿದೋನು, ಹುಲ್ಲೇ ಬೇಕೇನೋ ಅಂದ್ಕೊಂಡೆ. ನೀನೂ ಕೇಳ್ಲಿಲ್ಲ."

ಮರುದಿನ ಬೆಳಗ್ಗೆ ಇಬ್ಬರೂ ಸೇರಿ, ಪ್ರತಿ ಚೌಕದ ಮಗ್ಗುಲಲ್ಲಿ, ಹೆಂಗಸರು ಕೀಳುವ, ದನ ಮೇಯುವ ನೆಲದಲ್ಲಿ ಇನ್ನೊಂದು ಚೌಕ ಹಿಡಿದರು. ಅವಳು ಹೆಸರು ಹೇಳಿದಳು, ಅವನು ಬರೆದ. ಮೂವತ್ತನಾಲ್ಕು. ಹಳೆಯ ಹನ್ನೆರಡನ್ನು ಅವನು ಹೊಡೆದುಹಾಕಲಿಲ್ಲ. ಎರಡನ್ನೂ ಪಕ್ಕಪಕ್ಕ ಬರೆದು, ಬೇಲಿಯ ವಿಷಯ ನಮೂದಿಸಿದ.

ಪಂಚಾಯಿತಿ ಸಭೆಯಲ್ಲಿ ಕೋದಂಡರಾಮಪ್ಪ ಕಾಗದ ತಿರುವಿದ. "ಎರಡು ಲೆಕ್ಕ ಇದೆಯಲ್ಲಯ್ಯಾ, ಯಾವ್ದು ನಿಜ?"

"ಎರಡೂ ನಿಜ ಸಾರ್."

ಮುನಿಯಲ್ಲಮ್ಮ ಎದ್ದು ನಿಂತಳು. "ಹನ್ನೆರಡಾಗಿದ್ದು ನನ್ನಿಂದ ಸ್ವಾಮಿ. ಮುಳ್ಳು ಹಾಕಿ ಯಾರನ್ನೂ ಮುಟ್ಟೋಕೆ ಬಿಡ್ಲಿಲ್ಲ."

"ಬೇಲಿ ಎದ್ದು ಹೊಲ ಮೇಯ್ದಿದ್ದು ಕೇಳಿದ್ದೆ. ಮೇಯದೇ ಕೆಡಿಸಿದ ಬೇಲಿ ಇದೊಂದೇ!" ಎಂದ ಅಧ್ಯಕ್ಷ. ಸಭೆಯೆಲ್ಲ ನಕ್ಕಿತು. ಅವಳು ಸೆರಗು ಹಿಡಿದುಕೊಂಡು ನಿಂತೇ ಇದ್ದಳು. ಇವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಯಾರೋ ಗೊಣಗಿದರು.

ಆಗ ಹಿಂದಿನಿಂದ ಅಂಜಮ್ಮ ಕೂಗಿದಳು. "ಸುಳ್ಳಾ? ಒಂದು ಕುಡಿಗೆ ನನ್ನ ವಂಶಾನೆಲ್ಲಾ ಬೈದವ್ಳೆ. ನಾನೇ ಸಾಕ್ಷಿ!"

ಮಾತು ಮಧ್ಯಾಹ್ನದವರೆಗೆ ನಡೆಯಿತು. ಕೊನೆಗೆ ಮೇಲಿನ ದಿಣ್ಣೆಗೆ ನೀಲಗಿರಿ, ನೀರಂಚಿನ ತಗ್ಗು ಹಾಗೇ ಇರಲಿ ಎಂದಾಯಿತು. ದಿಣ್ಣೆಯ ಸೊಪ್ಪು ಹೋಯಿತು. ತಗ್ಗಿನದು ಉಳಿಯಿತು.

ಅವಳು ಬೇಲಿ ಬಿಚ್ಚಿ, ಹುಲ್ಲು ಕಿತ್ತು, ಎಲ್ಲರನ್ನೂ ಒಳಗೆ ಬಿಟ್ಟಳು. ಭೀಮರಾಜ್ ಶ್ರೀನಿವಾಸಪುರಕ್ಕೆ ಮೇಷ್ಟರಾಗಿ ಹೋಗುವ ಮುನ್ನ ಕೊನೆಯ ಸಲ ಎಣಿಸಿದಾಗ ಅದೇ ಹತ್ತು ಚೌಕದಲ್ಲಿ ಇಪ್ಪತ್ತಾರು ಬಗೆ ಇದ್ದವು. ಮುನಿಯಲ್ಲಮ್ಮನಿಗೆ ತನ್ನ ಮಕ್ಕಳು ಹುಟ್ಟಿದ ಇಸವಿ ನೆನಪಿಲ್ಲ. ಇಪ್ಪತ್ತಾರು ನೆನಪಿದೆ.